ಕೊಪ್ಪಳದ ಮೂಲಕ ದೆಹಲಿಗೆ

1991ರ ಲೋಕಸಭಾ ಚುನಾವಣೆ ಎಂದೊಡನೆ ರಾಜೀವ್ ಗಾಂಧಿ ಹತ್ಯೆ ಮತ್ತು ಒತ್ತೆ ಹೋದ ಚಿನ್ನ ನೆನಪಾಗುತ್ತವೆ. ಕೊಪ್ಪಳದ ಹಿರಿಯರು ಇನ್ನೊಂದನ್ನೂ ನೆನೆಯಬಹುದು. ಆ ವರ್ಷ ಜನತಾದಳದಿಂದ ಇಲ್ಲಿ ಮತ ಕೇಳಲು ಬಂದವರು ಮೈಸೂರು ಕಡೆಯ ಸಿದ್ದರಾಮಯ್ಯ.

1983ರಲ್ಲಿ ಚಾಮುಂಡೇಶ್ವರಿಯಿಂದ ಶಾಸಕರಾಗಿ, ಹೆಗಡೆ ಸಂಪುಟದಲ್ಲಿ ಮಂತ್ರಿಯೂ ಆಗಿದ್ದ ಅವರು 1989ರಲ್ಲಿ ಅದೇ ಕ್ಷೇತ್ರದಲ್ಲಿ ಸೋತಿದ್ದರು. ವಿಧಾನಸಭೆ ಕೈತಪ್ಪಿದವರು ಲೋಕಸಭೆಯತ್ತ ನೋಡುವುದು ನಮ್ಮಲ್ಲಿ ಹೊಸದಲ್ಲ. ಆ ಸಲ ದೇವೇಗೌಡರೂ ಹಾಗೆಯೇ ಮಾಡಿದರು. ಆದರೆ ಅವರು ನಿಂತದ್ದು ತವರಾದ ಹಾಸನದಲ್ಲಿ. ಸಿದ್ದರಾಮಯ್ಯ ಮಾತ್ರ ರಾಜ್ಯದ ಇನ್ನೊಂದು ತುದಿಗೆ ಬಂದರು. 1989ರಲ್ಲಿ ಕೊಪ್ಪಳ ಜನತಾದಳದ ಪಾಲಾಗಿತ್ತು; ಕುರುಬ ಸಮುದಾಯದ ಮತದಾರರೂ ಇಲ್ಲಿ ಗಣನೀಯವಾಗಿದ್ದರು. ಲೆಕ್ಕಾಚಾರ ಊಹಿಸುವುದು ಕಷ್ಟವಲ್ಲ.

ಕೊಪ್ಪಳ ಆಗ ಜಿಲ್ಲೆಯೂ ಅಲ್ಲ, ರಾಯಚೂರಿಗೆ ಸೇರಿದ ತಾಲ್ಲೂಕು. ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಗಂಗಾವತಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ, ಅಕ್ಕಿ ಗಿರಣಿ. ಕುಷ್ಟಗಿ, ಯಲಬುರ್ಗಾಗಳಲ್ಲಿ ಮಳೆ ನಂಬಿದ ಜೋಳ, ಸಜ್ಜೆ. ಮಳೆ ಕೈಕೊಟ್ಟರೆ ಗುಳೆ. ಗಂಗಾವತಿಯ ರೈತನಿಗೆ ಗೊಬ್ಬರದ ದರ, ಕುಷ್ಟಗಿಯ ಕೂಲಿಯವನಿಗೆ ಜೋಳದ ದರ ಮುಖ್ಯ. ಗೊಬ್ಬರದ ಸಬ್ಸಿಡಿ, ಬೆಂಬಲ ಬೆಲೆ, ರೈಲು ಇವೆಲ್ಲ ದೆಹಲಿಯ ಕೈಯಲ್ಲಿ. ಸಂಸದನಾದವನು ಅಲ್ಲಿ ಕೂತು ಕೇಳಬಹುದೇ ಹೊರತು ತಾನೇ ಖರ್ಚು ಮಾಡಲು ನಿಧಿಯಿರಲಿಲ್ಲ. ಸಂಸದರ ಪ್ರದೇಶಾಭಿವೃದ್ಧಿ ನಿಧಿ ಬಂದದ್ದು 1993ರ ಡಿಸೆಂಬರ್‌ನಲ್ಲಿ. (ಕೇಳಿದ್ದೆಲ್ಲ ಬೇಗ ಸಿಗುತ್ತದೆಂದೂ ಅಲ್ಲ. ಗಂಗಾವತಿಗೆ ರೈಲು ಬಂದದ್ದು 2019ರಲ್ಲಿ!)

ಆ ದೆಹಲಿಯ ಕೈಯೇ ಆಗ ಬರಿದಾಗಿತ್ತು. ವಿದೇಶಿ ವಿನಿಮಯದ ಸಂಗ್ರಹ ಕೆಲವೇ ವಾರಗಳ ಆಮದಿಗೆ ಸಾಲುವಷ್ಟಿತ್ತು. ಮೇ ತಿಂಗಳಲ್ಲಿ 20 ಟನ್ ಚಿನ್ನ ಸ್ವಿಟ್ಜರ್ಲೆಂಡಿನ ಬ್ಯಾಂಕಿಗೆ ಹೋಯಿತು; ಜುಲೈನಲ್ಲಿ ಇನ್ನೂ ಸುಮಾರು 47 ಟನ್ ಇಂಗ್ಲೆಂಡ್ ಮತ್ತು ಜಪಾನ್ ಬ್ಯಾಂಕುಗಳಲ್ಲಿ ಒತ್ತೆ ಬಿತ್ತು. ಮನೆಯ ಒಡವೆ ಅಡವಿಟ್ಟು ಬೀಜ ತಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೂ ಮತಪೆಟ್ಟಿಗೆಯಲ್ಲಿ ಬಿದ್ದದ್ದು ಬೆಲೆಯೇರಿಕೆಯ ಸಿಟ್ಟಷ್ಟೇ ಅಲ್ಲ. ಮೇ 21ರಂದು ರಾಜೀವ್ ಹತ್ಯೆಯಾಗಿ, ಉಳಿದ ಮತದಾನ ಜೂನ್‌ಗೆ ಹೋಯಿತು. ಅನುಕಂಪ ಕಾಂಗ್ರೆಸ್ಸಿನತ್ತ ಹರಿಯಿತು. ಕರ್ನಾಟಕದ 28ರಲ್ಲಿ 23 ಸ್ಥಾನ ಆ ಪಕ್ಷಕ್ಕೆ. ಜನತಾದಳಕ್ಕೆ ಒಂದೂ ಇಲ್ಲ. ಕೊಪ್ಪಳದಲ್ಲಿ ಕಾಂಗ್ರೆಸ್ಸಿನ ಬಸವರಾಜ ಪಾಟೀಲ ಅನ್ವರಿ ಸುಮಾರು 11 ಸಾವಿರ ಮತಗಳಿಂದ ಗೆದ್ದರು. ಅಂಥ ಅಲೆಯಲ್ಲಿ ಹೊರಗಿನವರೊಬ್ಬರು ಇಷ್ಟು ಸಮೀಪ ಬಂದದ್ದೇ ನನಗೆ ಹೆಚ್ಚು ಕುತೂಹಲದ ಸಂಗತಿ.

ಜುಲೈ 24ರ ಬಜೆಟ್‌ನಲ್ಲಿ ಮನಮೋಹನ್ ಸಿಂಗ್ ಗೊಬ್ಬರದ ದರವನ್ನು ಶೇ 40ರಷ್ಟು ಏರಿಸಿದರು. ಸಂಸತ್ತಿನಲ್ಲಿ ಗದ್ದಲವೆದ್ದ ಮೇಲೆ ಅದು ಶೇ 30ಕ್ಕೆ ಇಳಿಯಿತು. ಆ ಗದ್ದಲದ ಹೊತ್ತಿಗೆ ಸಿದ್ದರಾಮಯ್ಯ ಯಾವ ಸದನದಲ್ಲೂ ಇರಲಿಲ್ಲ. 1994ರಲ್ಲಿ ಮತ್ತೆ ಚಾಮುಂಡೇಶ್ವರಿಯಿಂದ ಗೆದ್ದು ದೇವೇಗೌಡರ ಸರ್ಕಾರದಲ್ಲಿ ಹಣಕಾಸು ಮಂತ್ರಿಯಾದರು, 2013ರಲ್ಲಿ ಮುಖ್ಯಮಂತ್ರಿಯಾದರು.