ಅನಮೋಡದ ಈಚೆಗೆ ಉಳಿದ ಕುಣಬಿಯರು

ಭಾರತ ಹುಣ್ಣಿಮೆಗೆ ಧಾರವಾಡ, ಬೆಳಗಾವಿ ಸೀಮೆಯಿಂದ ಚಕ್ಕಡಿ ಕಟ್ಟಿಕೊಂಡು ಉಳವಿ ಜಾತ್ರೆಗೆ ಬರುವವರಿಗೆ ಇದು ಚನ್ನಬಸವಣ್ಣನ ಸಮಾಧಿಯಿರುವ ಕ್ಷೇತ್ರ. 12ನೆಯ ಶತಮಾನದಲ್ಲಿ ಕಲ್ಯಾಣದಿಂದ ಹೊರಟ ಶರಣರಿಗೆ ಆಸರೆ ಕೊಟ್ಟ ಕಾಡು. ಉತ್ತರ ಕನ್ನಡ ಜಿಲ್ಲೆಯ ಅದೇ ಜೋಯಿಡಾ ಕಾಡಿನಲ್ಲಿ ತಲೆಮಾರುಗಳಿಂದ ಬದುಕಿರುವ ಕುಣಬಿಯರು ತಮ್ಮ ನೆಲ ತಮ್ಮದೆಂದು ತೋರಿಸುವ ಕಾಗದಕ್ಕಾಗಿ ಇಂದಿಗೂ ಅಲೆಯುತ್ತಿದ್ದಾರೆ.

ಕುಣಬಿಯರ ಮನೆಮಾತು ಕೊಂಕಣಿ. ಪೋರ್ಚುಗೀಸರ ಕಾಲದಲ್ಲಿ ಗೋವೆಯಿಂದ ಘಟ್ಟ ಹತ್ತಿ ಬಂದವರು ತಾವೆಂದು ಅವರ ಹಿರಿಯರು ಹೇಳುತ್ತಾರೆ. ಅವರ ಹಿಂದಿನ ಬೇಸಾಯ ಕುಮರಿಯದಾಗಿತ್ತು. ಕಾಡಿನ ಒಂದು ತುಂಡು ಕಡಿದು, ಒಣಗಿಸಿ, ಮಳೆಗೆ ಮುಂಚೆ ಸುಟ್ಟು, ಆ ಬೂದಿಯಲ್ಲಿ ರಾಗಿ ಬಿತ್ತುವುದು. ಒಂದೆರಡು ಬೆಳೆ ತೆಗೆದ ಮೇಲೆ ಆ ಜಾಗ ಬಿಟ್ಟು ಮುಂದೆ ಹೋಗುವುದು. ಮತ್ತೆ ಕಾಡು ಬೆಳೆದು ನಿಂತ ಮೇಲಷ್ಟೇ ಮರಳುವುದು. ಹೀಗೆ ತಿರುಗಿ ತಿರುಗಿ ಬಿತ್ತಿದವರ ಹೆಸರಿಗೆ ಸರ್ವೆ ನಂಬರು ಎಲ್ಲಿಂದ ಬರಬೇಕು?

ತೇಗದ ಮೇಲೆ ಕಣ್ಣಿಟ್ಟಿದ್ದ ಬ್ರಿಟಿಷರಿಗೆ ಕುಮರಿಯೆಂದರೆ ಕಾಡಿಗೆ ಬಿದ್ದ ಕೊಡಲಿ. ಮದ್ರಾಸ್ ಪ್ರಾಂತದ ಅರಣ್ಯಾಧಿಕಾರಿ ಹ್ಯೂ ಕ್ಲೆಗ್‌ಹಾರ್ನ್ ಅದನ್ನು ಕಟುವಾಗಿ ವಿರೋಧಿಸಿದ. 1862ರಲ್ಲಿ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಹೋಯಿತು. 1878ರ ಕಾಯ್ದೆಯೊಂದಿಗೆ ಮೀಸಲು ಅರಣ್ಯದ ಗೆರೆಗಳು ಬಿಗಿಯಾದವು. ಸ್ವಾತಂತ್ರ್ಯ ಬಂದರೂ ಗೆರೆಗಳು ಸಡಿಲವಾಗಲಿಲ್ಲ. 1956ರಲ್ಲಿ ದಾಂಡೇಲಿ ಅಭಯಾರಣ್ಯ, 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ, 2007ರಲ್ಲಿ ಎರಡೂ ಸೇರಿ ಹುಲಿ ಸಂರಕ್ಷಿತ ಪ್ರದೇಶ. ಈಗ ಅದರ ಹೆಸರು ಕಾಳಿ. ನಡುವೆ ಅಣೆಕಟ್ಟು ಎದ್ದು ತಾಲ್ಲೂಕು ಕೇಂದ್ರವಾಗಿದ್ದ ಸೂಪಾ ಊರೇ ಕಾಳಿ ನದಿಯಲ್ಲಿ ಮುಳುಗಿತು. ಹುಲಿ ಕಾಡಿನಿಂದ ಎದ್ದು ಹೋಗಲು ಒಪ್ಪಿದ ಕುಟುಂಬಕ್ಕೆ 2008ರಿಂದ ಹತ್ತು ಲಕ್ಷ ರೂಪಾಯಿ ಗೊತ್ತಾಯಿತು, 2021ರಲ್ಲಿ ಹದಿನೈದು ಲಕ್ಷ. ಮುಡ್ಲಿ, ಕೆಸು, ಹೆಗ್ಗೆಣಸುಗಳ ಹತ್ತಾರು ತಳಿಗಳನ್ನು ಹಿತ್ತಲಲ್ಲಿ ಕಾಪಾಡಿಕೊಂಡು ಬಂದು ಜೋಯಿಡಾದ ಗೆಡ್ಡೆಗೆಣಸು ಮೇಳದಲ್ಲಿ ನಾಡಿಗೇ ತೋರಿಸುವ ಹೆಂಗಸರ ಅರಿವಿಗೆ ಆ ಲೆಕ್ಕದಲ್ಲಿ ಯಾವ ಬೆಲೆಯೂ ಇಲ್ಲ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು 2003ರ ಜನವರಿ. ಆಗ ಜಾರಿಗೆ ಬಂದ ಒಂದೇ ತಿದ್ದುಪಡಿ ಕಾಯ್ದೆ ಗೋವೆಯ ಕುಣಬಿ, ಗಾವಡ, ವೇಳಿಪರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿತು. ಇದೇ ಜಿಲ್ಲೆಯ ಹಳಿಯಾಳ, ಮುಂಡಗೋಡ, ಯಲ್ಲಾಪುರಗಳ ಸಿದ್ದಿಯರನ್ನೂ ಸೇರಿಸಿತು. ನ್ಯಾಯವಾಗಿ ಸಲ್ಲಬೇಕಾದದ್ದೇ ಅವರಿಗೆ ಸಂದಿತು. ಆದರೆ ಗೋವೆ ಗಡಿಯ ಅನಮೋಡ ಘಟ್ಟದ ಈಚೆಗಿನ ಕುಣಬಿ ಹೊರಗುಳಿದ. ಪಂಗಡಗಳ ಪಟ್ಟಿ ರಾಜ್ಯ ರಾಜ್ಯಕ್ಕೆ ಬೇರೆ. ಭಾಷೆ, ದೇವರು, ನಂಟಸ್ತನ ಯಾವುದೂ ಆ ಗಡಿ ದಾಟಿಸಲಾರದು.

ಇದರ ಪೆಟ್ಟು ನೇರವಾಗಿ ಬಿದ್ದದ್ದು ನೆಲದ ಮೇಲೆ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಅಲ್ಲಿದ್ದರೆಂದು ತೋರಿಸಿದರೆ ಸಾಕು. ಉಳಿದ ಅರಣ್ಯವಾಸಿಗಳು ಆ ದಿನಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ನೆಲೆಗೆ ಪುರಾವೆ ಕೊಡಬೇಕು. ಕುಮರಿ ನಿಲ್ಲಿಸಿ ದಾಖಲೆಯಿಂದ ಹೊರಗಿಟ್ಟದ್ದು ಸರ್ಕಾರ. ಈಗ ದಾಖಲೆ ತಾ ಎನ್ನುವುದೂ ಸರ್ಕಾರವೇ. ದನಗಾಹಿ ಗೌಳಿಗಳದೂ ಇದೇ ಪಾಡು.

ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯ ಮೂಲನಿವಾಸಿ ಚುಮಾಶರಲ್ಲೂ ಮಾನ್ಯತೆಯ ಹೆಸರಿನಲ್ಲಿ ಹೀಗೊಂದು ಸೀಳು ಬಿದ್ದಿದೆ. ಸಾಂಟಾ ಯ್ನೆಜ್ ಗುಂಪಿಗೆ 1901ರಲ್ಲಿ ಮೀಸಲು ಭೂಮಿ ಸಿಕ್ಕಿತು, ಕೇಂದ್ರ ಸರ್ಕಾರದ ಮಾನ್ಯತೆಯೂ ಇದೆ. ಆ ಬಲದಿಂದ ಅವರು 2010ರಲ್ಲಿ ಸುಮಾರು 1,400 ಎಕರೆ ಕೊಂಡು, ಬಳಿಕ ಅದನ್ನೂ ತಮ್ಮ ಮೀಸಲು ನೆಲಕ್ಕೆ ಸೇರಿಸಿಕೊಂಡರು. ಕಡಲಂಚಿನ ಉಳಿದ ಚುಮಾಶ್ ಗುಂಪುಗಳಿಗೆ ಆ ಮಾನ್ಯತೆಯೇ ಇಲ್ಲ.

ನಮ್ಮ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿ ಒಂದು ಬಾಗಿಲು ತೆರೆದಿದೆ. ಹಳೆಯ ಬಾವಿ, ಸ್ಮಶಾನ, ದೇವರಬನಗಳು ಸಾಕ್ಷಿಯಾಗುತ್ತವೆ. ಅರ್ಜಿದಾರರಲ್ಲದ ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಪುರಾವೆ. ಅಜ್ಜ ಎಲ್ಲಿ ಕುಮರಿ ಕಡಿದಿದ್ದ ಎಂದು ಬೆರಳು ಮಾಡಿ ತೋರಿಸಬಲ್ಲವರು ಈ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರು ಇರುವಾಗಲೇ ಗ್ರಾಮಸಭೆಗಳು ಅವರ ಮಾತನ್ನು ಬರೆದುಕೊಳ್ಳಬೇಕು, ಅಧಿಕಾರಿಗಳು ಅದನ್ನು ಒಪ್ಪಬೇಕು.