ಒಂದು ಅಂಕದ ಅಂತರದಲ್ಲಿ ಕ್ಲಾಪ್

ಕಳೆದ ತಿಂಗಳು ಇಂಟರ್ನ್‌ಶಿಪ್‌ಗೆ ಹುಡುಗರನ್ನು ಆರಿಸಲು ನಮ್ಮ ಕಾಲೇಜಿಗೆ ಒಂದು ಕಂಪನಿ ಬಂದಿತ್ತು. ಆಪ್ಟಿಟ್ಯೂಡ್ ಟೆಸ್ಟ್‌ನ ಕಟಾಫ್ 36. ನನಗೆ ಬಂದದ್ದು 35. ಮನೆಗೆ ಫೋನ್ ಮಾಡಿದರೆ ಅಪ್ಪ ‘ಒಂದೇ ಮಾರ್ಕಾ?’ ಎಂದು ಕೇಳಿ ಸುಮ್ಮನಾದರು. ಬೈದಿದ್ದರೇ ಚೆನ್ನಾಗಿತ್ತು.

ನನ್ನ ರೂಮ್‌ಮೇಟ್ ಲಿವರ್‌ಪೂಲ್ ತಂಡದ ಕಟ್ಟಾ ಅಭಿಮಾನಿ. ಅವನು ಸಮಾಧಾನ ಹೇಳುವ ಪೈಕಿಯಲ್ಲ. ‘ಕ್ಲಾಪ್ ಕಥೆ ಪೂರ್ತಿ ಗೊತ್ತೇನೋ ನಿಂಗೆ?’ ಅಂದ. ನನಗೆ ಗೊತ್ತಿದ್ದದ್ದು ಕ್ಯಾಪ್ ಹಾಕಿಕೊಂಡು, ದೊಡ್ಡದಾಗಿ ನಗುತ್ತಾ ಆಟಗಾರರನ್ನು ತಬ್ಬಿಕೊಳ್ಳುವ ಕೋಚ್ ಮಾತ್ರ. ಅದಕ್ಕೂ ಹಿಂದಿನದನ್ನು ಆ ರಾತ್ರಿ ಹುಡುಕಿ ಓದಿದೆ.

ಯುರ್ಗನ್ ಕ್ಲಾಪ್ ಹುಟ್ಟಿದ್ದು 1967ರಲ್ಲಿ, ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಆಟಗಾರನಾಗಿ ಅವರದ್ದು ದೊಡ್ಡ ಹೆಸರೇನಲ್ಲ. 1990ರಿಂದ 2001ರವರೆಗೆ ಮೈನ್ಜ್ ಎಂಬ ಒಂದೇ ಕ್ಲಬ್, ಅದೂ ಎರಡನೇ ದರ್ಜೆಯ ಲೀಗ್‌ನಲ್ಲಿ. 325 ಪಂದ್ಯ, 52 ಗೋಲು. ಫಾರ್ವರ್ಡ್ ಆಗಿ ಶುರು ಮಾಡಿ ಆಮೇಲೆ ಡಿಫೆನ್ಸ್‌ಗೆ ಸರಿದರು. ತನ್ನ ಕಾಲು ನಾಲ್ಕನೇ ದರ್ಜೆಯದು, ತಲೆ ಮಾತ್ರ ಮೊದಲ ದರ್ಜೆಯದು ಎಂಬ ಅರ್ಥದ ಮಾತನ್ನು ಅವರೇ ಆಡಿದ್ದಾರೆ. ಆಡುತ್ತಲೇ ಫ್ರಾಂಕ್‌ಫರ್ಟ್‌ನ ಗಯಟೆ ವಿಶ್ವವಿದ್ಯಾಲಯದಲ್ಲಿ ಕ್ರೀಡಾ ವಿಜ್ಞಾನ ಓದಿ 1995ರಲ್ಲಿ ಡಿಪ್ಲೊಮಾ ಪಡೆದರು. ಪ್ರಬಂಧದ ವಿಷಯ ನಡಿಗೆ. ಓಡುವುದರ ಮೇಲೆಯೇ ತಂಡ ಕಟ್ಟಿದ ಮನುಷ್ಯ ನಡಿಗೆಯ ಬಗ್ಗೆ ಬರೆದದ್ದು ಓದಿ ನಗು ಬಂತು.

ಆ ಹೊತ್ತಿಗೆ ಮೈನ್ಜ್‌ಗೆ ಕೋಚ್ ಆಗಿ ಬಂದವರು ವೋಲ್ಫ್‌ಗಾಂಗ್ ಫ್ರಾಂಕ್. ಡಿಫೆಂಡರ್ ಎದುರಾಳಿ ಆಟಗಾರನ ಬೆನ್ನು ಹತ್ತಬಾರದು, ಮೈದಾನದಲ್ಲಿ ತನ್ನ ಪಾಲಿನ ಜಾಗ ಕಾಯಬೇಕು. ಇಡೀ ತಂಡ ಒಂದೇ ಬಲೆಯ ಹಾಗೆ ಹಿಂದೆ ಮುಂದೆ ಸರಿಯಬೇಕು. ಇದು ಇಟಲಿಯ ಅರಿಗೊ ಸಾಕಿ ಪದ್ಧತಿ. ಕಾಲಿನ ಚಳಕ ಕಡಿಮೆ ಇರುವವರೂ ಸರಿಯಾದ ಜಾಗದಲ್ಲಿ ನಿಂತರೆ ತಮಗಿಂತ ಒಳ್ಳೆಯ ತಂಡವನ್ನು ಕಟ್ಟಿಹಾಕಬಹುದು ಎಂಬುದನ್ನು ಕ್ಲಾಪ್ ಕಲಿತದ್ದು ಇಲ್ಲಿ. ಹುಟ್ಟು ಪ್ರತಿಭಾವಂತನಾಗಿದ್ದರೆ ಅವರಿಗೆ ಇದು ಅಷ್ಟು ನಾಟುತ್ತಿತ್ತೋ ಇಲ್ಲವೋ.

2001ರ ಫೆಬ್ರುವರಿ ಕೊನೆಯಲ್ಲಿ ಮೈನ್ಜ್ ಮೂರನೇ ದರ್ಜೆಗೆ ಜಾರುವ ಸ್ಥಿತಿಗೆ ಬಂದಾಗ, ಅಲ್ಲಿಯವರೆಗೆ ಸಹ ಆಟಗಾರನಾಗಿದ್ದ 33ರ ಕ್ಲಾಪ್‌ಗೆ ಕೋಚ್ ಹುದ್ದೆ ಕೊಟ್ಟರು. ಮೊದಲ ಪಂದ್ಯದಲ್ಲಿ ಡ್ಯೂಸ್‌ಬರ್ಗ್ ವಿರುದ್ಧ 1-0 ಗೆಲುವು. ತಂಡ ಉಳಿಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಮೂರು ವರ್ಷ. ಆಗ ಮೊದಲ ಮೂರು ಸ್ಥಾನದ ತಂಡಗಳಿಗೆ ಮೇಲಿನ ಲೀಗ್ ಬುಂಡೆಸ್‌ಲೀಗಾಕ್ಕೆ ಬಡ್ತಿ ಸಿಗುತ್ತಿತ್ತು. 2002ರ ಕೊನೆಯ ಪಂದ್ಯದಲ್ಲಿ ಯೂನಿಯನ್ ಬರ್ಲಿನ್ ಎದುರು ಡ್ರಾ ಆಗಿದ್ದರೂ ಸಾಕಿತ್ತು, 3-1ರಿಂದ ಸೋತರು. ಒಟ್ಟು 64 ಅಂಕ, ನಾಲ್ಕನೇ ಸ್ಥಾನ, ಒಂದೇ ಅಂಕ ಕಡಿಮೆ. 2003ರ ಕೊನೆಯ ದಿನ ಬ್ರೌನ್‌ಶ್ವೈಗ್‌ನಲ್ಲಿ 4-1ರಿಂದ ಗೆದ್ದು, ಬೇರೆ ಊರಿನಲ್ಲಿ ನಡೆಯುತ್ತಿದ್ದ ಪಂದ್ಯದ ಸುದ್ದಿಗೆ ಕಾದರು. ಅಲ್ಲಿ ಫ್ರಾಂಕ್‌ಫರ್ಟ್ ತಂಡ ಹೆಚ್ಚುವರಿ ನಿಮಿಷಗಳಲ್ಲಿ ತನ್ನ ಆರನೇ ಗೋಲು ಹೊಡೆಯಿತು. ಇಬ್ಬರಿಗೂ 62 ಅಂಕ. ಗೋಲು ವ್ಯತ್ಯಾಸದಲ್ಲಿ ಮೈನ್ಜ್ ಒಂದು ಗೋಲು ಹಿಂದೆ. ಮತ್ತೆ ನಾಲ್ಕನೇ ಸ್ಥಾನ.

2004ರಲ್ಲಿ ಬಡ್ತಿ ಸಿಕ್ಕಿತು. ಎಷ್ಟು ಅಂಕಕ್ಕೆ ಗೊತ್ತೇ? 54. ಕಾಟ್‌ಬುಸ್ ತಂಡಕ್ಕೂ 54. ಈ ಬಾರಿ ಗೋಲು ವ್ಯತ್ಯಾಸ ಮೈನ್ಜ್ ಪರ ಇತ್ತು. 64 ಬಂದ ವರ್ಷ ಫೇಲು, 54 ಬಂದ ವರ್ಷ ಪಾಸು! ಇದನ್ನು ಓದಿದಾಗ ರಾತ್ರಿ ಒಂದೂವರೆ. ರೂಮ್‌ಮೇಟ್‌ನನ್ನು ಎಬ್ಬಿಸಿ ಹೇಳಿದೆ. ಬೈಸಿಕೊಂಡೆ.

ಆಮೇಲಿನದು ಎಲ್ಲರಿಗೂ ಗೊತ್ತಿರುವುದೇ. ಡಾರ್ಟ್‌ಮಂಡ್‌ನಲ್ಲಿ 2011, 2012ರ ಲೀಗ್ ಪ್ರಶಸ್ತಿ. 2015ರಲ್ಲಿ ಲಿವರ್‌ಪೂಲ್. ಚೆಂಡು ಕೈತಪ್ಪಿದರೆ ಹಿಂದಕ್ಕೆ ಓಡದೆ, ಎದುರಾಳಿ ತಲೆಯೆತ್ತಿ ಸುತ್ತ ನೋಡುವ ಮೊದಲೇ ಮುಗಿಬಿದ್ದು ಕಸಿಯುವ ಆಟ ಅವರದು. 2019ರ ಸೆಮಿಫೈನಲ್‌ನಲ್ಲಿ ಬಾರ್ಸಿಲೋನಾ ಎದುರು 3-0 ಸೋತು, ಎರಡನೇ ಲೆಗ್‌ನಲ್ಲಿ ಸಲಾ ಇಲ್ಲದೆಯೂ 4-0 ಗೆದ್ದು, ಚಾಂಪಿಯನ್ಸ್ ಲೀಗ್ ಎತ್ತಿದರು. 2020ರಲ್ಲಿ, 30 ವರ್ಷಗಳ ಬಳಿಕ, ಲಿವರ್‌ಪೂಲ್ ಇಂಗ್ಲೆಂಡಿನ ಲೀಗ್ ಗೆದ್ದಿತು.

ಆದರೆ ಆ ಒಂದು ಅಂಕ ಅವರ ಬೆನ್ನು ಬಿಡಲಿಲ್ಲ. 2019ರ ಲೀಗ್‌ನಲ್ಲಿ ಲಿವರ್‌ಪೂಲ್ 97, ಮ್ಯಾಂಚೆಸ್ಟರ್ ಸಿಟಿ 98. 2022ರಲ್ಲಿ 92, 93. ‘ಸೋಲೇ ಗೆಲುವಿನ ಮೆಟ್ಟಿಲು’ ಎಂದು ನಮ್ಮ ಪ್ಲೇಸ್‌ಮೆಂಟ್ ಟ್ರೈನಿಂಗ್‌ನಲ್ಲಿ ಪ್ರತಿ ವಾರ ಕೇಳುತ್ತೇವೆ. ಮೆಟ್ಟಿಲು ಹತ್ತಿದ ಮೇಲೂ ಅದೇ ಒಂದಂಕ ಮತ್ತೆ ಬಂದು ಕೂರುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಮರುದಿನ ಅಪ್ಪನಿಗೆ ಫೋನ್ ಮಾಡಿ ಮೈನ್ಜ್ ಕಥೆ ಹೇಳಿದೆ. ಫುಟ್‌ಬಾಲ್ ಗೊತ್ತಿಲ್ಲದ ಅವರು ಎಲ್ಲ ಕೇಳಿಸಿಕೊಂಡು, ‘ಇನ್ನೊಂದು ಕಂಪನಿ ಯಾವಾಗ ಬರುತ್ತೆ?’ ಎಂದರು. ಬರುವ ಗುರುವಾರ. ಕಟಾಫ್ ಎಷ್ಟೆಂದು ಇನ್ನೂ ಹೇಳಿಲ್ಲ.