ತಮಟೆಯ ಸದ್ದೂ ಮೃದಂಗದ ನಾದವೂ

ತಮಟೆಯ ಧ್ವನಿಯನ್ನು ಸದ್ದೆಂದೂ ಮೃದಂಗದ ಧ್ವನಿಯನ್ನು ನಾದವೆಂದೂ ಕರೆಯುವ ವಾಡಿಕೆ ನಮ್ಮಲ್ಲುಂಟು. ಎರಡೂ ತೊಗಲನ್ನು ಬಿಗಿದ ವಾದ್ಯಗಳೇ ಆಗಿರಲು ಈ ಭೇದವು ಹೇಗೆ ಉಂಟಾಯಿತೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ತಿಳಿಸುವೆವು.

ವೀಣೆಯ ತಂತಿಯನ್ನು ಮೀಟಿದರೆ ಅದು ಇಡಿಯಾಗಿ ಕಂಪಿಸುವುದಲ್ಲದೆ, ಎರಡು, ಮೂರು, ನಾಲ್ಕು ಭಾಗಗಳಾಗಿಯೂ ಏಕಕಾಲದಲ್ಲಿ ಕಂಪಿಸುತ್ತದೆ. ಆದುದರಿಂದ ಮೂಲಸ್ವರದೊಡನೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಸಂಖ್ಯೆಯುಳ್ಳ ಉಪಸ್ವರಗಳೂ ಹೊರಡುತ್ತವೆ. ಈ ಪೂರ್ಣಾಂಕಗಳ ಹೊಂದಿಕೆಯನ್ನು ಕಿವಿಯು ಒಂದೇ ಸ್ವರವೆಂದು ಗ್ರಹಿಸುತ್ತದೆ. ತೊಗಲಿನ ಸ್ವಭಾವವು ಹಾಗಲ್ಲ. ಎಲ್ಲೆಡೆಯೂ ಒಂದೇ ದಪ್ಪವಾಗಿ ಬಿಗಿದ ದುಂಡನೆಯ ತೊಗಲಿನಲ್ಲಿ ಉಪಸ್ವರಗಳು ಮೂಲಸ್ವರದ ಸುಮಾರು 1.59, 2.14, 2.30 ಪಾಲು, ಹೀಗೆ ಅಡ್ಡಾದಿಡ್ಡಿಯಾಗಿ ಬರುತ್ತವೆ. ಅವು ಒಂದರೊಡನೊಂದು ಹೊಂದದಿರುವುದರಿಂದ ಪೆಟ್ಟು ಕೇಳಿಸುತ್ತದೆಯೇ ಹೊರತು ಶ್ರುತಿಯು ಸ್ಪಷ್ಟವಾಗದು.

ಮೃದಂಗದ ಬಲಮುಖದ ನಡುವಣ ಕಪ್ಪು ಕರಣೆಯು ಈ ಕೊರತೆಯನ್ನು ನೀಗಿಸುತ್ತದೆ. ಕಲ್ಲಿನ ಪುಡಿಯನ್ನೂ ಅನ್ನವನ್ನೂ ಕಲಸಿ, ಪದರಪದರವಾಗಿ ಹಚ್ಚಿ ಉಜ್ಜುವ ಈ ಲೇಪದ ಮರ್ಮವನ್ನು ಸರ್ ಸಿ. ವಿ. ರಾಮನ್‌ರವರು 1920ರಲ್ಲಿ ಶಿವಕಾಳಿ ಕುಮಾರರೊಡಗೂಡಿ ಪ್ರಕಟಿಸಿ, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಇನ್ನೂ ವಿಸ್ತಾರವಾಗಿ ವಿವರಿಸಿದರು. ತೊಗಲಿನ ಮೇಲೆ ನಯವಾದ ಮರಳನ್ನು ಉದುರಿಸಿ ನುಡಿಸಲು, ಕಂಪನವಿಲ್ಲದ ಗೆರೆಗಳಲ್ಲಿ ಮರಳು ನಿಂತು ಕಂಪನದ ಆಕಾರವು ಕಣ್ಣಿಗೇ ಕಾಣುತ್ತಿತ್ತು. ಕರಣೆಯ ಭಾರದಿಂದ ಒಂಬತ್ತು ಬಗೆಯ ಕಂಪನಗಳು 1, 2, 3, 4, 5 ಎಂಬ ಪ್ರಮಾಣದ ಐದೇ ಸ್ವರಗಳಾಗಿ ಕೂಡಿಕೊಳ್ಳುತ್ತವೆಂದು ಅವರು ತೋರಿಸಿದರು. ಗಣಿತವನ್ನರಿಯದ ವಾದ್ಯಗಾರರು ಕಿವಿಯೊಂದರ ಬಲದಿಂದಲೇ ಇದನ್ನು ಎಷ್ಟೋ ಹಿಂದೆ ಸಾಧಿಸಿದ್ದರು.

ಹಾಗಾದರೆ ತಮಟೆಯು ಕೀಳೋ? ಹಾಗೆನ್ನಲಾಗದು. ನುಡಿಸುವ ಮುನ್ನ ಅದನ್ನು ಬೆಂಕಿಗೆ ಹಿಡಿಯುವುದನ್ನು ಚಿಂತಾಮಣಿ, ಶಿಡ್ಲಘಟ್ಟಗಳ ಕಡೆಯ ಜಾತ್ರೆಗಳಲ್ಲಿ ಅನೇಕರು ಕಂಡಿರಬಹುದು. ಕಾವಿನಿಂದ ತೇವವಾರಿ ತೊಗಲು ಬಿಗಿಯುತ್ತದೆ. ಬಿಗಿತವು ಹೆಚ್ಚಿದಂತೆ ಕಂಪನವು ತ್ವರಿತವಾಗಿ ಧ್ವನಿಯು ಮೇಲೇರುತ್ತದೆ. ಬಯಲಿನಲ್ಲಿ ಬಹುದೂರ ಮುಟ್ಟಿ, ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳಬೇಕಾದ ವಾದ್ಯಕ್ಕೆ ಇಂತಹ ಗುಣವೇ ಬೇಕು. ಮೃದಂಗವು ಶ್ರುತಿಯನ್ನು ಸೇರುವುದು. ತಮಟೆಯು ಲಯವನ್ನು ನಡೆಸುವುದು.

ತಮಟೆ ಬಡಿಯುವವರನ್ನು ಊರ ಹೊರಗಿರಿಸಿದ ಸಮಾಜವು ಆ ವಾದ್ಯವನ್ನೂ ಹೊರಗಿರಿಸಿತು. ಅದಕ್ಕೆ ಕಾರಣವು ತೊಗಲಿನ ಕಂಪನವಲ್ಲ, ಜನರ ಮನಸ್ಸು. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದರಾದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿಯು ದೊರೆತುದು ಎಲ್ಲರಿಗೂ ಸಂತೋಷದ ಸಂಗತಿ. ಮನೆಯ ಮಕ್ಕಳು ತಮಟೆಯನ್ನು ಬರಿಯ ಗದ್ದಲವೆಂದಾಗ, ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಈ ಕಾರಣಗಳನ್ನು ಅವರಿಗೆ ತಿಳಿಯಹೇಳಬೇಕೆಂದು ಕೋರುತ್ತೇವೆ.